ದೂರದ ಟವರು, ಹತ್ತಿರದ ರೂಟರು

ಮನೆಗೆ ಕಾಲಿಟ್ಟ ಕೂಡಲೇ ಡೇಟಾ ಆಫ್ ಮಾಡಿ ವೈಫೈ ಹಾಕಿಕೊಳ್ಳಬೇಕು, ಇಲ್ಲವಾದರೆ ಚಾರ್ಜ್ ನಿಲ್ಲುವುದಿಲ್ಲ. ಈ ಮಾತನ್ನು ಈಗ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲೂ ಅದೇ ರೂಢಿ, ಸಿರ್ಸಿ ಸೀಮೆಯ ನಮ್ಮ ಊರಮನೆಯಲ್ಲೂ ಅದೇ. ಇದರ ಜೊತೆಗೆ ಇನ್ನೊಂದು ಮಾತೂ ಓಡಾಡುತ್ತಿರುತ್ತದೆ: 5ಜಿ ಬಂದ ಮೇಲೆ ಡೇಟಾನೇ ಸ್ಪೀಡು, ಮನೆಗೆ ವೈಫೈ ದಂಡ. ಮೊದಲನೆಯದು ಬ್ಯಾಟರಿಯ ಮಾತು, ಎರಡನೆಯದು ವೇಗದ ಮಾತು. ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆದುಕೊಂಡು ಕೂತಿರುತ್ತೇವೆ. ಒಂದೇ ಫೋನನ್ನು ಹಿಡಿದು ಈ ಎರಡು ಮನೆಗಳ ನಡುವೆ ಓಡಾಡುವ ನನಗೆ ಬರಬರುತ್ತಾ ಅನ್ನಿಸಿದ್ದೇನೆಂದರೆ, ಖಾತೆ ಇರುವುದು ಒಂದೇ. ನೆಟ್ ಎಲ್ಲಿ ತೆವಳುತ್ತದೋ ಚಾರ್ಜ್ ಕೂಡ ಅಲ್ಲೇ ಜಾರುತ್ತದೆ. ಅದು ಆಕಸ್ಮಿಕವಲ್ಲ, ಎರಡಕ್ಕೂ ಮೂಲ ಒಂದೇ.

ಫೋನು ಅಂದರೆ ಮೊದಲಿಗೆ ರೇಡಿಯೋ ಎಂಬುದನ್ನು ನಾವು ಮರೆತುಬಿಟ್ಟಿದ್ದೇವೆ. ಕೇಳುವುದಷ್ಟೇ ಅಲ್ಲ, ತಿರುಗಿ ಹೇಳುವುದೂ ಅದರ ಕೆಲಸ. ಒಂದು ಫೋಟೋ ತೆರೆದರೂ ‘ಕಳಿಸು’ ಎಂದು ಕೇಳಬೇಕು, ಬಂದದ್ದಕ್ಕೆಲ್ಲ ‘ಬಂತು’ ಎಂದು ಒಪ್ಪಿಗೆ ಕೊಡುತ್ತಿರಬೇಕು. ನಮ್ಮೂರಲ್ಲಿ ಜಗುಲಿಯ ಮೇಲೆ ಕೂತವರಿಗೆ ಮಾತು ಹೇಳಲು ಸಣ್ಣ ದನಿ ಸಾಕು, ಕೆಳಗೆ ತೋಟದಲ್ಲಿರುವವರನ್ನು ಊಟಕ್ಕೆ ಕರೆಯಲು ಅಂಗಳದ ಅಂಚಿಗೆ ಹೋಗಿ ‘ಕೂಊಊ’ ಎಂದು ಕೂ ಹಾಕಬೇಕು. ರೂಟರಿನ ಜೊತೆ ಫೋನಿನ ಮಾತುಕತೆ ಜಗುಲಿಯದ್ದು, ಗುಡ್ಡದಾಚೆಯ ಟವರಿನ ಜೊತೆಗಿನದ್ದು ಕೂ.

ಅಂಕಿಯಲ್ಲಿ ಹೇಳುವುದಾದರೆ, 4ಜಿ ಫೋನೊಂದು ಗಾಳಿಗೆ ಬಿಡಬಹುದಾದ ಗರಿಷ್ಠ ಶಕ್ತಿ, ರೇಡಿಯೋ ಶಕ್ತಿಯನ್ನು ಅಳೆಯುವ ಡಿಬಿಎಂ ಎಂಬ ಮಾನದಲ್ಲಿ, 23 ಡಿಬಿಎಂ, ಅಂದರೆ ಒಂದು ವ್ಯಾಟಿನ ಐದನೇ ಒಂದು ಪಾಲು, 200 ಮಿಲಿವ್ಯಾಟ್. 5ಜಿಯ ಕೆಲವು ಬ್ಯಾಂಡ್‌ಗಳಲ್ಲಿ (ತರಂಗಾಂತರದ ಪಟ್ಟಿಗಳಲ್ಲಿ) ಇದು 26 ಡಿಬಿಎಂವರೆಗೆ, ಅಂದರೆ 400 ಮಿಲಿವ್ಯಾಟ್‌ವರೆಗೆ ಹೋಗಬಹುದು. ಹಳೆಯ 2ಜಿ ಫೋನುಗಳು 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೂ ಕೂಗುತ್ತಿದ್ದವು, ಆದರೆ ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ. ಕೇಳಲು ಇವೆಲ್ಲ ಸಣ್ಣ ಸಂಖ್ಯೆಗಳು. ಆದರೆ ಆಂಟೆನಾದಿಂದ ಇಷ್ಟು ಹೊರಡಬೇಕಾದರೆ ಒಳಗಿನ ಆಂಪ್ಲಿಫೈಯರ್ ಇದರ ಎರಡು ಮೂರು ಪಟ್ಟು ಎಳೆದುಕೊಳ್ಳುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸಿಗ್ನಲ್ ಸೊರಗಿದ ಜಾಗದಲ್ಲಿ ಐದು ನಿಮಿಷ ಮಾತಾಡಿದರೆ ಕಿವಿ ಬಿಸಿಯಾಗುವುದರಲ್ಲಿ ಇದರ ಪಾಲು ದೊಡ್ಡದು. 5000 ಎಂಎಎಚ್ ಬ್ಯಾಟರಿಯಲ್ಲಿ ಇರುವುದು ಸುಮಾರು 19 ವ್ಯಾಟ್-ಅವರ್, ಅಂದರೆ ಗಂಟೆಗಟ್ಟಲೆ ಒಂದೇ ವ್ಯಾಟ್ ಎಳೆದರೆ 19 ಗಂಟೆ ಬರುವಷ್ಟು. ರೇಡಿಯೋ ಒಂದೇ ಒಂದು ವ್ಯಾಟ್ ಎಳೆಯುತ್ತ ಕೂತರೂ, ಸ್ಕ್ರೀನು ಹಚ್ಚದೆಯೇ ಒಂದು ದಿನದೊಳಗೆ ಬ್ಯಾಟರಿ ಬರಿದು.

ಎಷ್ಟು ಜೋರಾಗಿ ಕೂಗಬೇಕು ಎಂಬುದನ್ನು ಫೋನು ತನ್ನಷ್ಟಕ್ಕೆ ನಿರ್ಧರಿಸುವುದಿಲ್ಲ. ಟವರಿನಿಂದ ಬರುವ ಸಂಕೇತ ಎಷ್ಟು ಸೊರಗಿದೆ ಎಂದು ಮೊದಲು ಅಳೆದುಕೊಳ್ಳುತ್ತದೆ, ಆಮೇಲೆ ಟವರೇ ‘ಇನ್ನೂ ಜೋರು’, ‘ಸಾಕು, ಮೆತ್ತಗೆ’ ಎಂದು ಸೆಕೆಂಡಿಗೆ ಅನೇಕ ಸಲ ಆದೇಶ ಕೊಡುತ್ತಿರುತ್ತದೆ. ಟವರಿನ ಬುಡದ ಮನೆಯಲ್ಲಿ ಕೂತ ಫೋನು ಆ 200 ಮಿಲಿವ್ಯಾಟಿನ ಸಾವಿರದ ಒಂದು ಪಾಲಿನಲ್ಲೇ ಕೆಲಸ ಮುಗಿಸಿಬಿಡಬಹುದು. ಹಾಗಾಗಿ ‘ಡೇಟಾ ಬ್ಯಾಟರಿ ತಿನ್ನುತ್ತದೆ’ ಎಂಬ ಮಾತು ಅರ್ಧದ್ದು. ಎಲ್ಲಿ ನಿಂತು, ಎಂದು ಕೇಳದೆ ಅದಕ್ಕೆ ಉತ್ತರವಿಲ್ಲ. ಬೆಂಗಳೂರಿನಲ್ಲಿ ನಮ್ಮ ಫ್ಲ್ಯಾಟಿನ ಬಾಲ್ಕನಿಯಿಂದ ಎದುರು ಕಟ್ಟಡದ ತಲೆಯ ಮೇಲಿನ ಟವರು ಕಾಣುತ್ತದೆ. ಅಲ್ಲಿ ಡೇಟಾ ಹಾಕಿಕೊಂಡೇ ದಿನ ಕಳೆದರೂ ಬ್ಯಾಟರಿಯಲ್ಲಿ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ. ಊರಿಗೆ ಹೋದರೆ, ಸೆಟ್ಟಿಂಗ್ಸ್‌ನ ಬ್ಯಾಟರಿ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಬಿದ್ದಿರುತ್ತಿದ್ದ ‘ಮೊಬೈಲ್ ನೆಟ್‌ವರ್ಕ್’ ಎಂಬ ಸಾಲು ಮೇಲೇರಿ ಯೂಟ್ಯೂಬಿನ ಪಕ್ಕದಲ್ಲಿ ಕೂತಿರುತ್ತದೆ. ನಾನು ಫೋನು ಮುಟ್ಟದ ದಿನವೂ ಸಹ.

ಪರದೆಯ ಮೇಲಿನ ಕಡ್ಡಿಗಳನ್ನು ನಂಬಿ ಈ ಲೆಕ್ಕ ಹಾಕಲಾಗದು. ಮೂರು ಕಡ್ಡಿ ಅಂದರೆ ಇಷ್ಟು ಎಂಬ ನಿಯಮ ಯಾವ ಕಂಪನಿಗೂ ಇಲ್ಲ, ಅವರವರಿಗೆ ತೋಚಿದ್ದು. ನಿಜವಾದ ಅಳತೆ ಬೇಕಿದ್ದರೆ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ತೆರೆಯಬೇಕು. ಅಲ್ಲಿ ಮೈನಸ್ ಚಿಹ್ನೆಯೊಡನೆ ಡಿಬಿಎಂ ಅಂಕಿ ಇರುತ್ತದೆ. 4ಜಿಯಲ್ಲಿ -80 ಅಂದರೆ ಸುಖ, -115 ಅಂದರೆ ಒದ್ದಾಟ. ಹತ್ತು ಅಂಕ ಇಳಿದರೆ ಶಕ್ತಿ ಹತ್ತರ ಒಂದು ಪಾಲಾಯಿತು ಎಂದು ಅರ್ಥ. ಹಾಗೆ ನೋಡಿದರೆ -80ಕ್ಕೂ -110ಕ್ಕೂ ನಡುವೆ ಸಾವಿರ ಪಟ್ಟಿನ ಅಂತರ. ನಮ್ಮ ಮನೆಯ ಅಂಗಳದಿಂದ ಒಳಗಿನ ಕೋಣೆಗೆ ಬರುವಷ್ಟರಲ್ಲಿ ಈ ಅಂಕಿ ಇಳಿಯುವುದನ್ನು ನೋಡುತ್ತ ನಡೆಯುವುದು ಒಂದು ಬಗೆಯ ಹುಚ್ಚು ಹವ್ಯಾಸ, ನನಗಂತೂ ಹತ್ತಿದೆ.

ಟವರಿನ ದನಿ ದೊಡ್ಡದು, ಹತ್ತಾರು ವ್ಯಾಟ್‌ಗಳಲ್ಲಿ ಹೊರಡುವಂಥದ್ದು. ಅದು ನಮ್ಮ ತನಕ ತಲುಪುತ್ತದೆ, ನಮ್ಮ ಸಣ್ಣ ದನಿ ಎಷ್ಟೋ ಸಲ ಅಲ್ಲಿಗೆ ಮುಟ್ಟುವುದಿಲ್ಲ. ಊರಿಗೆ ಫೋನು ಮಾಡಿದಾಗ ಆಯಿಯ (ಅಮ್ಮನ) ಮಾತು ನನಗೆ ಕೇಳದೆ, ನನ್ನದು ಮಾತ್ರ ಅವಳಿಗೆ ಚೆನ್ನಾಗಿ ಕೇಳುತ್ತಿರುತ್ತದೆ. ‘ನಂಗೆ ಕೇಳ್ತು, ನಿಂಗೆ ಕೇಳ್ತಿಲ್ಯಾ?’ ಎಂದು ಅವಳು ಕೇಳುತ್ತಿರುತ್ತಾಳಂತೆ. ಆ ಪ್ರಶ್ನೆಯೂ ನನಗೆ ತಲುಪುವುದಿಲ್ಲ.

ಇಷ್ಟು ಕೂಗಾಟದ ಮಾತಾಯಿತು. ಆದರೆ ಬ್ಯಾಟರಿಯ ಲೆಕ್ಕದಲ್ಲಿ ಕೂಗಿಗಿಂತ ದೊಡ್ಡ ಖರ್ಚು ಇನ್ನೊಂದಿದೆ: ಕೂಗಿ ಮುಗಿದ ಮೇಲೂ ಎಚ್ಚರವಾಗಿ ನಿಂತಿರುವುದು. ಮೊಬೈಲ್ ನೆಟ್‌ವರ್ಕಿನಲ್ಲಿ ಒಂದು ಸಣ್ಣ ಸಂದೇಶ ಬಂದು ಹೋದರೂ ರೇಡಿಯೋ ತಕ್ಷಣ ಮಲಗುವಂತಿಲ್ಲ. ಇನ್ನೇನಾದರೂ ಬರಬಹುದು ಎಂದು ನೆಟ್‌ವರ್ಕ್ ಅದನ್ನು ಹಲವು ಸೆಕೆಂಡು ಎಬ್ಬಿಸಿಯೇ ಇಟ್ಟಿರುತ್ತದೆ. 2012ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ 4ಜಿ ಜಾಲದಲ್ಲಿ ಇದನ್ನು ಅಳೆದಾಗ, ಕೆಲಸ ಮುಗಿದ ಮೇಲೂ ಎಚ್ಚರವಿರುವ ಈ ‘ಬಾಲ’ ಹನ್ನೊಂದು ಸೆಕೆಂಡಿಗೂ ಉದ್ದವಿತ್ತು. ವೈಫೈಯಲ್ಲಿ ಅದು ಕಾಲು ಸೆಕೆಂಡಿನ ಆಸುಪಾಸು. ಜನರು ನಿಜವಾಗಿ ಫೋನು ಬಳಸುವ ರೀತಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ 4ಜಿಯು ವೈಫೈಗಿಂತ 23 ಪಟ್ಟಿನವರೆಗೆ ದುಂದುಗಾರ ಎಂಬ ತೀರ್ಮಾನಕ್ಕೆ ಅವರು ಬಂದರು. ಆ ಅಂಕಿ ಈಗ ಹಳೆಯದಾಯಿತು. ನಡುನಡುವೆ ತೂಕಡಿಸುವ ವಿದ್ಯೆಯನ್ನು ಚಿಪ್‌ಗಳು ಚೆನ್ನಾಗಿ ಕಲಿತಿವೆ, 5ಜಿಯಲ್ಲಿ ಪೂರ್ತಿ ಎಚ್ಚರವೂ ಅಲ್ಲದ ಪೂರ್ತಿ ನಿದ್ದೆಯೂ ಅಲ್ಲದ ನಡುವಿನ ಸ್ಥಿತಿಯೊಂದನ್ನು ಸೇರಿಸಿದ್ದಾರೆ. ಆದರೂ ಬಾಲ ಎಂಬುದು ಹೋಗಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಬೆಳಗ್ಗೆ ಅರ್ಧ ನಿಮಿಷಕ್ಕೊಂದರಂತೆ ಬರುವ ಶುಭೋದಯದ ಹೂವುಗಳು ಒಂದೊಂದೂ ಈ ಬಾಲವನ್ನು ಎಳೆದುಕೊಂಡೇ ಬರುತ್ತವೆ. ಹೂವು ಚಿಕ್ಕದು, ಬಾಲ ದೊಡ್ಡದು.

ವೈಫೈ ಇದನ್ನು ಬೇರೆ ಥರ ನಿಭಾಯಿಸುತ್ತದೆ. ರೂಟರು ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ರಕಟಣೆ ಹೊರಡಿಸುತ್ತಿರುತ್ತದೆ: ಇಂಥಿಂಥವರಿಗೆ ಸರಕು ಬಂದಿದೆ, ಎತ್ತಿಟ್ಟಿದ್ದೇನೆ. ಫೋನು ಆ ಗಳಿಗೆಗೆ ಕಣ್ಣು ಬಿಟ್ಟು ತನ್ನ ಹೆಸರಿಲ್ಲದಿದ್ದರೆ ಮತ್ತೆ ಮಲಗುತ್ತದೆ. ವೈಫೈ 6ರಲ್ಲಂತೂ ‘ನಾನು ಇಷ್ಟು ಹೊತ್ತಿಗೆ ಏಳುತ್ತೇನೆ’ ಎಂದು ಮೊದಲೇ ಮಾತಾಡಿಕೊಳ್ಳುವ ಏರ್ಪಾಡೂ ಇದೆ.

ಇಲ್ಲಿಗೆ ಬಂದರೆ ವೇಗ ಮತ್ತು ಬ್ಯಾಟರಿ ಒಂದೇ ಖಾತೆ ಎಂದದ್ದು ಯಾಕೆ ಎಂಬುದು ತಿಳಿಯುತ್ತದೆ. ರೇಡಿಯೋ ಎದ್ದಿರುವ ಹೊತ್ತೇ ಖರ್ಚು. ನೂರು ಎಂಬಿ ವಿಡಿಯೋವನ್ನು ಹತ್ತು ಸೆಕೆಂಡಿನಲ್ಲಿ ಎಳೆದುಕೊಂಡು ಮಲಗುವ ಫೋನು, ಅದನ್ನೇ ಹತ್ತು ನಿಮಿಷ ಎಳೆಯುವ ಫೋನಿಗಿಂತ ಕಡಿಮೆ ತಿನ್ನುತ್ತದೆ, ಆ ಹತ್ತು ಸೆಕೆಂಡು ಎಷ್ಟೇ ಬಿರುಸಾಗಿ ಓಡಿದ್ದರೂ. ಸಿಗ್ನಲ್ ಸೊರಗಿದಾಗ ಎರಡು ಕಡೆಯಿಂದ ಹೊಡೆತ. ಜೋರಾಗಿ ಕೂಗಬೇಕು, ಮತ್ತು ತಪ್ಪು ಕೇಳದಿರಲಿ ಎಂದು ಬಿಡಿಸಿ ಬಿಡಿಸಿ, ನಿಧಾನವಾಗಿ, ಹೇಳಿದ್ದನ್ನೇ ಮತ್ತೆ ಹೇಳುತ್ತ ಕೂಗಬೇಕು. ನಮ್ಮ ದೇಶದ ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿಯ ಪ್ಯಾಕುಗಳು ಮುಗಿದ ಮೇಲೆ ವೇಗ ಹೆಚ್ಚಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದಲ್ಲ, ಆ ಸಂಜೆಗಳನ್ನು ಗಮನಿಸಿ. ನೆಟ್ ಬಂದಿಲ್ಲ ಎಂದು ನಾವು ಫೋನು ಕೆಳಗಿಟ್ಟಿರುತ್ತೇವೆ, ಅದು ಮಾತ್ರ ಮಲಗುವುದಕ್ಕೇ ಪುರಸೊತ್ತಿಲ್ಲದೆ ಒಂದೊಂದು ಹನಿಗೂ ಬಾಯಿ ತೆರೆದುಕೊಂಡಿರುತ್ತದೆ. ದುಡ್ಡು ಉಳಿಸಲು ಕೊಂಡ ಪ್ಯಾಕು ಚಾರ್ಜಿನಲ್ಲಿ ಬಾಕಿ ವಸೂಲು ಮಾಡುತ್ತದೆ.

ಹಾಗಂತ ವೈಫೈಗೆ ಪೂಜೆ ಮಾಡಬೇಕಾಗಿಲ್ಲ. ಮೇಲೆ ಹೇಳಿದ್ದೆಲ್ಲ ವೈಫೈ ಚೆನ್ನಾಗಿದ್ದಾಗಿನ ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದವರ, ಮೇಲಿನವರ, ಕೆಳಗಿನವರ ಹೆಸರುಗಳು ಬೆರಳು ನೋಯುವಷ್ಟು ಇಳಿಯುತ್ತ ಹೋಗುತ್ತವೆ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಇಡೀ ಕಟ್ಟಡ ಆ ಮೂರರಲ್ಲೇ ಹಂಚಿಕೊಳ್ಳಬೇಕು. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲೇ. ವೈಫೈಯ ಶಿಷ್ಟಾಚಾರವೆಂದರೆ ಮೊದಲು ಕಿವಿಗೊಡು, ಯಾರೂ ಮಾತಾಡುತ್ತಿಲ್ಲವೆಂದರೆ ಮಾತ್ರ ಬಾಯಿ ತೆರೆ. ರಾತ್ರಿ ಒಂಬತ್ತಕ್ಕೆ ಇಡೀ ಕಟ್ಟಡ ಕ್ರಿಕೆಟ್ಟು, ಸೀರಿಯಲ್ಲು ಎಂದು ಕೂತಾಗ ಬಾಯಿ ತೆರೆಯುವ ಸರದಿ ಬರುವುದೇ ಕಷ್ಟ. ಒಂದೇ ಆಂಟೆನಾದ ಫೋನಿಗೆ ಈ ಬ್ಯಾಂಡಿನಲ್ಲಿ 20 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ, ಹಳೆಯ 802.11ಎನ್ (ವೈಫೈ 4) ಬಗೆಯ ರೂಟರಿನಿಂದ ಕಾಗದದ ಮೇಲೆ ಸಿಗುವುದು 72 ಎಂಬಿಪಿಎಸ್, ಕೈಗೆ ಬರುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ 200 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿ, ಒಂದೇ ಬ್ಯಾಂಡಿನ ಪುಕ್ಕಟೆ ರೂಟರನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟುಕೊಂಡ ಮನೆಗಳು ಎಷ್ಟೋ ಇವೆ. ಅಂಥ ಮನೆಯ ಬೆಡ್‌ರೂಮಿನಲ್ಲಿ ಕೂತು ‘ಡೇಟಾನೇ ಸ್ಪೀಡು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ದೋಷ ಮಾತ್ರ ಕೇಬಲ್ಲಿನದ್ದಲ್ಲ, ಕೊನೆಯ ಮೂವತ್ತು ಅಡಿಯದ್ದು. 5 ಗಿಗಾಹರ್ಟ್ಸ್ ರೂಟರು ತಂದು ಮನೆಯ ನಡುವೆ ಎತ್ತರದಲ್ಲಿಟ್ಟರೆ ಅದೇ ಪ್ಲಾನು ಬೇರೆಯದೇ ಆಗಿ ಕಾಣುತ್ತದೆ.

ಇನ್ನೊಂದು ಚೋದ್ಯವಿದೆ. ದೂರದ ಮೂಲೆಯಲ್ಲಿ ಕೂತ ಒಬ್ಬರ ಫೋನು ರೂಟರಿನ ಜೊತೆ ನಿಧಾನವಾಗಿ ಮಾತಾಡುತ್ತಿದ್ದರೆ, ಆ ಹೊತ್ತನ್ನೆಲ್ಲ ಅದೇ ಕಬಳಿಸುತ್ತದೆ. ಪಕ್ಕದಲ್ಲೇ ಕೂತವರ ವೇಗವಾದ ಫೋನೂ ಕಾಯಬೇಕು. ಒಬ್ಬರ ಸೊರಗಿದ ಸಿಗ್ನಲ್ ಮನೆಮಂದಿಯ ವೇಗವನ್ನೂ ಬ್ಯಾಟರಿಯನ್ನೂ ಕಡಿಮೆ ಮಾಡುತ್ತದೆ.

ಊರಮನೆಯಲ್ಲಿ ಅಕ್ಕಪಕ್ಕದ ವೈಫೈ ಕಾಟವಿಲ್ಲ, ಪಕ್ಕದ ಮನೆ ಕಾಣುವುದೇ ಮರಗಳ ಸಂದಿಯಲ್ಲಿ. ಅಲ್ಲಿನ ಶತ್ರು ಗೋಡೆ. ಅಜ್ಜನ ಕಾಲದ ಮಣ್ಣಿನ ಗೋಡೆ, ಮಳೆಗಾಲದಲ್ಲಿ ತೇವ ಹೀರಿಕೊಂಡು ಇನ್ನಷ್ಟು ಮಂಕು. ರೂಟರು ಜಗುಲಿಯ ಕಿಟಕಿಯ ಬಳಿ, ಏಕೆಂದರೆ ಕೇಬಲ್ ಒಳಬಂದದ್ದು ಅಲ್ಲಿಂದ. ನಡುಮನೆ ದಾಟಿ, ಕಬ್ಬಿಣದ ಬೀರು ಇರುವ ಕೋಣೆ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ವೈಫೈ ಒಂದು ಗೆರೆ. ಅಡುಗೆಮನೆಯಲ್ಲಿ ಆಯಿಯ ಫೋನು ಆ ಒಂದು ಗೆರೆಯನ್ನೇ ಹಿಡಿದುಕೊಂಡು ನೇತಾಡುತ್ತಿರುತ್ತದೆ. ಎಷ್ಟೋ ಫೋನುಗಳಿಗೆ ಒಂದು ಹಟವಿದೆ, ಸತ್ತೇಹೋಗುವ ತನಕ ವೈಫೈ ಬಿಡುವುದಿಲ್ಲ. ಅಲ್ಲಿ ನಿಂತು ಅಡುಗೆಯ ವಿಡಿಯೋ ನೋಡುವಾಗ ಗಿರಗಿರ ತಿರುಗುವ ಚಕ್ರವನ್ನೇ ಅವಳು ಹೆಚ್ಚು ನೋಡುವುದು. ಬೆಂಗಳೂರಿನ ಟವರಿನೆದುರಿನ ಡೇಟಾ, ಈ ಅಡುಗೆಮನೆಯ ವೈಫೈಗಿಂತ ವೇಗದಲ್ಲೂ ಬ್ಯಾಟರಿಯಲ್ಲೂ ಎಷ್ಟೋ ವಾಸಿ. ಇನ್ನೊಂದನ್ನೂ ಸೇರಿಸಬೇಕು: ವೈಫೈ ಸಿಕ್ಕಿದ ಕೂಡಲೇ ಫೋನು ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಂದು ಬಾಕಿ ಉಳಿದ ಕೆಲಸವನ್ನೆಲ್ಲ ಹಚ್ಚಿಕೊಳ್ಳುತ್ತದೆ. ವೈಫೈ ಹಾಕಿದರೂ ಚಾರ್ಜ್ ಇಳಿಯಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

5ಜಿಯ ಬಗ್ಗೆ ಸ್ವಲ್ಪ. ನಮ್ಮಲ್ಲಿ ಅದು ಶುರುವಾದದ್ದು 2022ರ ಅಕ್ಟೋಬರ್ 1ರಂದು. ಏರ್‌ಟೆಲ್ ಆರಂಭಿಸಿದ್ದು 4ಜಿಯ ಹೆಗಲ ಮೇಲೆ 5ಜಿ ಕೂರಿಸುವ ವಿಧಾನದಲ್ಲಿ, ಜಿಯೋ 5ಜಿಯನ್ನೇ ಸ್ವತಂತ್ರವಾಗಿ ನಿಲ್ಲಿಸುವ ವಿಧಾನದಲ್ಲಿ. ಮೊದಲನೆಯ ಬಗೆಯಲ್ಲಿ ಫೋನು ಎರಡೂ ರೇಡಿಯೋಗಳನ್ನು ಒಟ್ಟಿಗೆ ಎಬ್ಬಿಸಿಕೊಂಡಿರಬೇಕು. ನಗರದಲ್ಲಿ ವೇಗಕ್ಕೆ ನಂಬಿಕೊಂಡಿರುವ 3300 ಮೆಗಾಹರ್ಟ್ಸ್ ಬ್ಯಾಂಡು ಗೋಡೆ ದಾಟುವುದರಲ್ಲಿ ಸೋಮಾರಿ, ಹೆಚ್ಚು ದೂರವೂ ಹೋಗುವುದಿಲ್ಲ. ಅದರ ಅಂಚಿನಲ್ಲಿ ನಿಂತ ಫೋನು 4ಜಿಗೂ 5ಜಿಗೂ ನಡುವೆ ಹಾರಾಡುತ್ತ ಚಾರ್ಜ್ ಕಳೆಯುತ್ತದೆ. ಸಿರ್ಸಿ ಪೇಟೆಯಲ್ಲಿ 5ಜಿ ಇಟ್ಟುಕೊಂಡು, ಊರಿನ ತಿರುವಿನಲ್ಲಿ 4ಜಿಗೆ ಬದಲಾಯಿಸಿಕೊಳ್ಳುವುದು ನನಗೆ ಈಗ ಅಭ್ಯಾಸವಾಗಿದೆ.

ಮಲೆನಾಡಿನಲ್ಲಿ ಈ ಹೋಲಿಕೆಯ ನಿಜವಾದ ಪರೀಕ್ಷೆ ಆಷಾಢದಲ್ಲಿ. ಫೈಬರ್ ಕೇಬಲ್ಲು ಬರುವುದು ಕರೆಂಟ್ ಕಂಬಗಳ ಮೇಲೆ, ಮರಗಳ ನಡುವೆ ತೂಗಿಕೊಂಡು. ಒಂದು ಮರ ಬಿದ್ದರೆ ಕರೆಂಟೂ ಹೋಯಿತು, ಕೇಬಲ್ಲೂ ಹೋಯಿತು. ಕೇಬಲ್ಲು ಉಳಿದಿದ್ದರೂ ರೂಟರಿಗೆ ಕರೆಂಟ್ ಬೇಕು. ಹನ್ನೆರಡು ವೋಲ್ಟಿನ ಪುಟ್ಟ ಯುಪಿಎಸ್ ಕೆಲವು ಗಂಟೆ ತಳ್ಳುತ್ತದೆ, ಮಳೆ ಮೂರು ದಿನ ಬಿಡದೆ ಹೊಡೆದರೆ ಅದೂ ಇಲ್ಲ. ಆಗ ಊರಿಗೆ ಊರೇ ವೈಫೈ ಬಿಟ್ಟು ಇರುವ ಒಂದು ಟವರಿಗೆ ಮುಗಿಬೀಳುತ್ತದೆ. ಟವರಿನಲ್ಲಿ ನೂಕುನುಗ್ಗಲು, ವೇಗ ಬಿದ್ದುಹೋಗುತ್ತದೆ. ನೀರು ಹೊತ್ತ ಎಲೆಗಳು ಸಿಗ್ನಲ್ಲನ್ನು ಇನ್ನಷ್ಟು ಹೀರುತ್ತವೆ. ಫೋನುಗಳು ಗಂಟಲು ಹರಿದುಕೊಂಡು ಕೂಗುತ್ತವೆ, ಚಾರ್ಜ್ ಸರಸರನೆ ಇಳಿಯುತ್ತದೆ, ಮತ್ತೆ ಚಾರ್ಜಿಗೆ ಹಾಕಲು ಕರೆಂಟಿಲ್ಲ. ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ಅದೇ ಮಲಗಿತೆಂದರೆ, ಫೋನು ಇಲ್ಲದ ಟವರನ್ನು ಹುಡುಕುತ್ತ ಉಳಿದ ಚಾರ್ಜನ್ನೂ ಕಳೆಯುತ್ತದೆ. ಬ್ಯಾಟರಿ ಅತಿ ಹೆಚ್ಚು ಬೇಕಾದ ದಿನವೇ ಅದು ಅತಿ ಬೇಗ ಖಾಲಿಯಾಗುವಂತೆ ಈ ವ್ಯವಸ್ಥೆ ಕೂಡಿಬಂದಿದೆ. ವೇಗದ ಜಾಹೀರಾತುಗಳಲ್ಲಿ ಈ ದಿನಗಳು ಇರುವುದಿಲ್ಲ.

2021ರ ಮಳೆಗಾಲದ ಒಂದು ಫೋಟೋ ನಿಮಗೂ ನೆನಪಿರಬಹುದು. ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತದ್ದು. ಎಲ್ಲರೂ ನೆಟ್‌ವರ್ಕಿನ ಬಗ್ಗೆ ಮಾತಾಡಿದರು, ಸರಿಯೇ. ಅಂಥ ಜಾಗದಲ್ಲಿ ಕೂತು ಪಾಠ ಕೇಳಿದ ಮಕ್ಕಳ ಫೋನುಗಳು ಮಧ್ಯಾಹ್ನದ ತನಕ ನಿಲ್ಲುವುದು ಎಷ್ಟು ಕಷ್ಟ ಎಂಬುದರ ಬಗ್ಗೆ ಯಾರೂ ಮಾತಾಡಿದ್ದು ನಾನು ಕೇಳಲಿಲ್ಲ. ವಿಡಿಯೋ ಕಾಲ್ ಅಂದರೆ ಬಿಡುವೇ ಇಲ್ಲದೆ ಎರಡೂ ಕಡೆಗೆ ಹರಿಯುವ ಮಾತು. ಯೂಟ್ಯೂಬಿನಲ್ಲಾದರೆ ಫೋನು ಒಂದಷ್ಟನ್ನು ಮುಂಚೆಯೇ ಎಳೆದಿಟ್ಟುಕೊಂಡು ನಡುವೆ ಮಲಗಬಹುದು, ಇಲ್ಲಿ ಮಲಗುವ ಅವಕಾಶವೇ ಇಲ್ಲ. ಕ್ಯಾಮೆರಾ ಹಾಕಿ ಎಂದು ಮೇಷ್ಟ್ರು ಹೇಳಿದರೆ ಮುಗಿಯಿತು, ಇಡೀ ಹೊರೆ ಆ 200 ಮಿಲಿವ್ಯಾಟಿನ ಗಂಟಲಿನ ಮೇಲೆ.

2023ರಿಂದ ನಮ್ಮಲ್ಲಿ ಏರ್‌ಫೈಬರ್ ಎಂಬ ಹೆಸರಿನಲ್ಲಿ ಬಂದದ್ದು ಈ ಲೆಕ್ಕದಲ್ಲಿ ನನಗೆ ಕುತೂಹಲ ಹುಟ್ಟಿಸಿದ ವಸ್ತು. ಮನೆಯೊಳಗೆ ವೈಫೈ, ಆದರೆ ಆ ವೈಫೈಗೆ ನೆಟ್ ಬರುವುದು ಮಾಡಿನ ಮೇಲೆ ಕೂರಿಸಿದ ಪೆಟ್ಟಿಗೆಯ ಮೂಲಕ, ಮೊಬೈಲ್ ಟವರಿನಿಂದಲೇ. ವೇಗ ಟವರಿನದ್ದೇ, ಸಂಜೆಯ ನೂಕುನುಗ್ಗಲೂ ಟವರಿನದ್ದೇ. ಆದರೆ ಕೂಗುವ ಕೆಲಸವನ್ನು ಕಿಸೆಯಲ್ಲಿರುವ ಫೋನಿನಿಂದ ತೆಗೆದು, ಎತ್ತರದಲ್ಲಿ ಗೋಡೆಗಳ ಹೊರಗೆ ಕೂತ, ಕರೆಂಟಿಗೆ ಸಿಕ್ಕಿಸಿದ ಪೆಟ್ಟಿಗೆಗೆ ಒಪ್ಪಿಸಿದಂತಾಯಿತು. ಫೈಬರ್ ತಲುಪದ, ಟವರು ಮಾತ್ರ ಮಾಡಿನಿಂದ ಕಾಣುವ ಒಂಟಿ ಮನೆಗಳಿಗೆ ಇದು ಒಳ್ಳೆಯ ಉಪಾಯ ಎಂದೇ ನನ್ನ ಅಭಿಪ್ರಾಯ.

ಫೈಬರ್ ಇರುವ, ಟವರು ಸರಿಯಾಗಿ ಸಿಗದ ನಮ್ಮಂಥ ಮನೆಗಳಲ್ಲಿ ಡೇಟಾ ಆಫ್ ಮಾಡಿದರೆ ಮಾತ್ರ ಸಾಲದು. ಡೇಟಾ ಆಫ್ ಮಾಡಿದರೂ ಕರೆಗಾಗಿ ಫೋನು ಟವರನ್ನು ಹುಡುಕುತ್ತಲೇ ಇರುತ್ತದೆ, ಸಿಗದಿದ್ದರೆ ಮತ್ತೆ ಮತ್ತೆ ಹುಡುಕುತ್ತದೆ. ಹಾಗಾಗಿ ಚಾರ್ಜಿನ ಉಳಿತಾಯವೂ ಅರ್ಧಂಬರ್ಧ. 2019ರ ಕೊನೆಗೆ ಏರ್‌ಟೆಲ್, 2020ರ ಆರಂಭಕ್ಕೆ ಜಿಯೋ ವೈಫೈ ಕಾಲಿಂಗ್ ಶುರುಮಾಡಿದ ಮೇಲೆ ಇದಕ್ಕೊಂದು ದಾರಿಯಾಯಿತು. ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಆಮೇಲೆ ವೈಫೈಯೊಂದನ್ನೇ ಮತ್ತೆ ಹಚ್ಚುವುದು. ಹುಡುಕಾಟ ನಿಂತಿತು, ಅದೇ ನಂಬರಿಗೆ ಕರೆ ಬರುತ್ತದೆ, ಹೋಗುತ್ತದೆ. ಅಪ್ಪಯ್ಯನ ಫೋನಿಗೆ ಹೀಗೆ ಮಾಡಿಕೊಟ್ಟ ಮೇಲೆ ಸಂಜೆಗೆ ಚಾರ್ಜರ್ ಹುಡುಕುವುದು ತಪ್ಪಿದೆ. ಎಲ್ಲ ಫೋನು, ಎಲ್ಲ ಸಿಮ್ಮಿನಲ್ಲೂ ಇದು ಒಂದೇ ರೀತಿ ನಡೆಯುವುದಿಲ್ಲ, ಒಮ್ಮೆ ಬೇರೆ ನಂಬರಿನಿಂದ ಕರೆ ಮಾಡಿ ನೋಡಿಕೊಳ್ಳುವುದು ಒಳ್ಳೆಯದು. ಬ್ಯಾಂಕಿನ ಒಟಿಪಿ ಕೆಲವು ಸಲ ಫ್ಲೈಟ್ ಮೋಡಿನಲ್ಲಿ ಬರುವುದಿಲ್ಲ. ಅದು ಬೇಕಾದಾಗ ಮೋಡ್ ತೆಗೆದು, ಅಂಗಳದ ಅಂಚಿನ ತನಕ ಹೋಗಿ ಬರಬೇಕು. ಕರೆಂಟ್ ಹೋಗಿ ರೂಟರು ಆರಿದಾಗಲೂ ಮೋಡ್ ತೆಗೆಯಲು ಮರೆಯಬಾರದು, ಇಲ್ಲವಾದರೆ ಅಷ್ಟು ಹೊತ್ತು ಯಾರ ಕರೆಯೂ ತಾಗುವುದಿಲ್ಲ.